ತಲೆನೋವು ಎಷ್ಟು ದಿನದಿಂದ?

ಡಿಸೆಂಬರ್ 1 ಬಂತೆಂದರೆ ನಮ್ಮಂಥ ವರದಿಗಾರರಿಗೆ ಒಂದು ಸುದ್ದಿ ಖಾತ್ರಿ. ವಿಶ್ವ ಏಡ್ಸ್ ದಿನದ ಜಾಥಾ, ಅಂಗಿಗೆ ಚುಚ್ಚಿದ ಕೆಂಪು ರಿಬ್ಬನ್, ಕಾಲೇಜು ಹುಡುಗರ ಕೈಯಲ್ಲಿ ಭಿತ್ತಿಪತ್ರ, ವೇದಿಕೆಯಲ್ಲಿ ಅಧಿಕಾರಿಗಳ ಭಾಷಣ, ಕೊನೆಗೆ ಜಿಲ್ಲೆಯಲ್ಲಿ ಸೋಂಕಿತರು ಇಷ್ಟು ಎನ್ನುವ ಅಂಕಿ. ತುಮಕೂರು ನಗರದಿಂದ ಹೋದರೂ, ಗುಬ್ಬಿಯಿಂದ ಹೋದರೂ, ಕುಣಿಗಲ್‌ನಿಂದ ಹೋದರೂ ಸುದ್ದಿ ಒಂದೇ. ಊರಿನ ಹೆಸರು ಬದಲಾಯಿಸಿದರೆ ಆಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಾವೂ ಅದನ್ನೇ ಬರೆದು ಕಳಿಸಿದ್ದೇವೆ.

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಗೆ ತೆಂಗಿನ ರೋಗದ ಸುದ್ದಿ ಮಾಡಲು ಹೋಗಿದ್ದಾಗ ಆ ಊರಿನ ಒಬ್ಬ ಅಕ್ಕ ನಮ್ಮನ್ನು ಪಕ್ಕಕ್ಕೆ ಕರೆದು ಕೂರಿಸಿದರು. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಮೊದಲೇ ಪರಿಚಯವಿದ್ದವರು. ಕಾಫಿ ಕೊಟ್ಟು, ಬಾಗಿಲು ಮುಂದೆ ಮಾಡಿ, ಕೇಳಿದ್ದು ಹೀಗೆ: "ನೀವು ಪೇಪರ್‌ನೋರು ಏಡ್ಸ್ ಬಗ್ಗೆ ವರ್ಷಾ ವರ್ಷಾ ಬರೀತೀರಲ್ಲ, ತಲೆನೋವಿನ ಬಗ್ಗೆ ಯಾಕ್ರಪ್ಪಾ ಬರೆಯಲ್ಲ?"

ನಮಗೆ ಅರ್ಥವಾಗಲಿಲ್ಲ. ಅವರೇ ಹೇಳುತ್ತಾ ಹೋದರು. ಅವರ ಯಜಮಾನರು ಕಾಯಿ ಸುಲಿಯುವ ಕೆಲಸಕ್ಕೆ ಊರೂರು ತಿರುಗುತ್ತಿದ್ದವರು. 2006ನೇ ಇಸವಿ, ಮಳೆಗಾಲ. ತಲೆನೋವು ಶುರುವಾಯಿತು. ಮೊದಲು ಅಮೃತಾಂಜನ. ಆಮೇಲೆ ಅಂಗಡಿ ಮಾತ್ರೆ. ಆಮೇಲೆ ಶುಂಠಿ ಅರೆದು ಪಟ್ಟು. ಕಣ್ಣು ತೋರಿಸಿ ಕನ್ನಡಕ ಮಾಡಿಸಿದರು. ಮೂಗಿನ ಪಕ್ಕದಲ್ಲಿ ಕಫ ಕಟ್ಟಿದೆ ಎಂದು ಒಬ್ಬರು ಆವಿ ಹಿಡಿಯಲು ಹೇಳಿದರು. ಯಾರೋ ಮಾಡಿಸಿದ್ದಾರೆ ಅಂತ ತಡೆ ಒಡೆಸಿದರು. ಕೊನೆಗೆ ಕುಡಿದ ನೀರೂ ವಾಂತಿಯಾಗತೊಡಗಿತು. ರಸ್ತೆಗೆ ಬಂದು ನಿಂತರೆ ಒಂದು ಬಸ್ಸು ಎರಡಾಗಿ ಕಾಣುತ್ತಿತ್ತು.

"ಇಪ್ಪತ್ತೈದು ದಿವ್ಸ ಒದ್ದಾಡಿದ್ರು ಕಣಪ್ಪ ನಮ್ಮನೆಯೋರು. ಎಲ್ಲಿ ನೋವು ಅಂತ ಎಲ್ರೂ ಕೇಳಿದ್ರು. ಎಷ್ಟು ದಿನದಿಂದ ಅಂತ ಯಾರೂ ಕೇಳ್ಲಿಲ್ಲ. ಅವರಿಗೆ ಆ ಕಾಯಿಲೆ ಇದೆ ಅಂತ ಅವರಿಗೆ ಗೊತ್ತಿತ್ತು. ನನಗೂ ಹೇಳಿರ್ಲಿಲ್ಲ, ಡಾಕ್ಟರಿಗೂ ಹೇಳಿರ್ಲಿಲ್ಲ."

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದ ಮೇಲೆ ಬೆನ್ನಿನ ನೀರು ತೆಗೆದರು. ಕಾಯಿಲೆಯ ಹೆಸರು ಗೊತ್ತಾಯಿತು. ಆದರೆ ಅಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ವಾರದೊಳಗೆ ಹೋಗಿಬಿಟ್ಟರು. ಅಕ್ಕನಿಗೂ ಪರೀಕ್ಷೆ ಆಯಿತು, ಸೋಂಕು ಇತ್ತು. ಅವರು ಅಂದಿನಿಂದ ಮಾತ್ರೆ ನುಂಗುತ್ತಾ ಬದುಕಿದ್ದಾರೆ, ಹಸು ಕಟ್ಟಿದ್ದಾರೆ, ಮಗಳ ಮದುವೆ ಮಾಡಿದ್ದಾರೆ. ಆಸ್ಪತ್ರೆಯ ಹಸಿರು ಪುಸ್ತಕ ಈಗಲೂ ಅಕ್ಕಿ ಡಬ್ಬದೊಳಗೇ ಇದೆ.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮ್ಮ ಜಿಲ್ಲೆಯ ಎಚ್‌ಐವಿ ಚರಿತ್ರೆಯನ್ನು ಈ ಒಂದು ತಲೆನೋವಿನ ಮೂಲಕವೇ ಓದಬಹುದು ಅನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಬಿ.ಎಚ್. ರಸ್ತೆಯ ಆ ತುದಿ

ಭಾರತದಲ್ಲಿ ಎಚ್‌ಐವಿ ಇರುವುದು ಮೊದಲು ಗೊತ್ತಾಗಿದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿ ಪರೀಕ್ಷೆಗೆ ವೆಲ್ಲೂರಿಗೆ ಒಯ್ದರು. ಅದರಲ್ಲಿ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಕರ್ನಾಟಕದಲ್ಲಿ ಮೊದಲ ಪ್ರಕರಣ ದಾಖಲಾಗಿದ್ದು 1988ರಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಶುರುವಾಗಿದ್ದು 1992ರಲ್ಲಿ.

ತುಮಕೂರು ಹೆದ್ದಾರಿಗಳ ಊರು. ಪುಣೆ ಕಡೆಯ ರಸ್ತೆ ಇಲ್ಲೇ ಹಾಯುತ್ತದೆ. ಬಿ.ಎಚ್. ರಸ್ತೆ ಎಂದು ನಾವೆಲ್ಲ ಕರೆಯುವ ಬೆಂಗಳೂರು–ಹೊನ್ನಾವರ ರಸ್ತೆ ನಗರವನ್ನು ಸೀಳಿಕೊಂಡು ಗುಬ್ಬಿ, ತಿಪಟೂರಿನ ಕಡೆ ಹೋಗುತ್ತದೆ. ಕುಣಿಗಲ್ ಮಂಗಳೂರು ರಸ್ತೆಯ ಮೇಲಿದೆ. ಲಾರಿ, ಕೊಬ್ಬರಿ, ಕೂಲಿ, ಕಾರ್ಖಾನೆ ಎಂದು ಜನ ಓಡಾಡುತ್ತಲೇ ಇರುವ ಜಿಲ್ಲೆ. ಅದಕ್ಕೇ ಆ ಕಾಲದ ಬರಹಗಳಲ್ಲಿ ಎಲ್ಲರ ಬೆರಳೂ ಲಾರಿ ಡ್ರೈವರ್‌ಗಳ ಕಡೆ ಹೋಗುತ್ತಿತ್ತು. ಸೋಂಕು ಹಿಡಿದವರಿಗೆ ಆಮೇಲೆ ಏನಾಗುತ್ತಿತ್ತು, ಯಾವ ನೋವಿನಿಂದ ನರಳಿ ಹೋಗುತ್ತಿದ್ದರು ಎಂದು ಕೇಳಿದವರು ಕಡಿಮೆ.

ಕೇಳಿದವರು ಆ ರಸ್ತೆಯ ಬೆಂಗಳೂರು ತುದಿಯಲ್ಲಿದ್ದರು. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮತ್ತು ಹಳೆಯ ಮಾನಸಿಕ ಆಸ್ಪತ್ರೆ ಸೇರಿ 1974ರಲ್ಲಿ ಆದದ್ದು ನಿಮ್ಹಾನ್ಸ್. ನಮ್ಮ ಕಡೆ ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆದು ರೂಢಿ. ಆದರೆ ತಲೆ, ಬೆನ್ನುಹುರಿ, ನರಗಳ ಯಾವುದೇ ಕಾಯಿಲೆಗೆ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದಾಟಿ, ಅಲ್ಲಿಂದ ಹೊಸೂರು ರಸ್ತೆಗೆ ಇನ್ನೊಂದು ಬಸ್ಸು ಹತ್ತಿ ಹೋಗುವುದು ಅಲ್ಲಿಗೇ. ಕುಣಿಗಲ್‌ಗೆ ಬೆಂಗಳೂರಿನಿಂದ ನೇರ ರೈಲು ಬಂದದ್ದೇ 2017ರಲ್ಲಿ. ಅಲ್ಲಿಯವರೆಗೆ ಅಲ್ಲಿನವರಿಗೆ ಇದ್ದದ್ದು ರಸ್ತೆಯೊಂದೇ.

1989ರಿಂದ 1996ರವರೆಗೆ ನಿಮ್ಹಾನ್ಸ್‌ನಲ್ಲಿ ಕಂಡ ಎಚ್‌ಐವಿ ಸೋಂಕಿತರ ನರಸಂಬಂಧಿ ಕಾಯಿಲೆಗಳ ವಿವರವನ್ನು ಡಾ. ಪಿ. ಸತೀಶ್‌ಚಂದ್ರ, ಡಾ. ಎ. ನಳಿನಿ, ಡಾ. ಎಂ. ಗೌರಿ ದೇವಿ ಮತ್ತು ಅವರ ಸಹೋದ್ಯೋಗಿಗಳು ಒಟ್ಟುಮಾಡಿ 2000ದಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದರು. ಡಾ. ಎಸ್.ಕೆ. ಶಂಕರ್ ಮತ್ತು ಅವರ ತಂಡ ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿತು. ಇಬ್ಬರಿಗೂ ಕಂಡ ಸತ್ಯ ಒಂದೇ. ಅಮೆರಿಕದ ಪುಸ್ತಕಗಳಲ್ಲಿದ್ದ ಚಿತ್ರ ಇಲ್ಲಿಯದಲ್ಲ. ಇಲ್ಲಿ ಎಚ್‌ಐವಿ ಇರುವವರ ತಲೆಯೊಳಗೆ ಹೊಕ್ಕು ಕೊಲ್ಲುತ್ತಿದ್ದವು ಮುಖ್ಯವಾಗಿ ಎರಡು: ಒಂದು ಕ್ಷಯ, ಇನ್ನೊಂದು ಕ್ರಿಪ್ಟೋಕಾಕಸ್ ಎನ್ನುವ ಶಿಲೀಂಧ್ರ. ಎರಡರ ಮೊದಲ ದೂರೂ ಸಾಮಾನ್ಯವಾಗಿ ತಲೆನೋವೇ.

ಡಿಪ್ಲೊಮಾ ಓದುವಾಗ ನಮ್ಮ ತರಗತಿಯವರೆಲ್ಲ ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂ ನೋಡಲು ಹೋಗಿದ್ದೆವು. ಸಾರ್ವಜನಿಕರಿಗೂ ಅಲ್ಲಿ ಪ್ರವೇಶವಿದೆ. ಜಾಡಿಗಳಲ್ಲಿ ಸಾಲಾಗಿ ಇಟ್ಟ, ಸೋಂಕಿನಿಂದ ಹಾಳಾದ ಮಿದುಳುಗಳನ್ನು ನೋಡಿ, ಫೋಟೊ ತೆಗೆಯಬಹುದಾ ಎಂದು ಕೇಳಿ, ಹೊರಗೆ ಬಂದು ಚುರುಮುರಿ ತಿಂದದ್ದು ನೆನಪಿದೆ. ಅವು ನಮ್ಮ ಬಸ್ಸುಗಳಲ್ಲೇ ಕೂತು ಬಂದವರದ್ದೂ ಆಗಿರಬಹುದು ಎಂದು ಅವತ್ತು ಹೊಳೆಯಲಿಲ್ಲ.

ಮಸಿಯ ಹನಿಯಲ್ಲಿ ಕಂಡದ್ದು

ಈ ಶಿಲೀಂಧ್ರದ ಕಥೆ ಎಚ್‌ಐವಿಗಿಂತ ಹಳೆಯದು. 1894ರಲ್ಲಿ ಜರ್ಮನಿಯ ಒಟ್ಟೊ ಬುಸ್ಸೆ ಮತ್ತು ಅಬ್ರಹಾಂ ಬುಷ್ಕೆ ಒಬ್ಬ ಮಹಿಳೆಯ ಕಾಲಿನ ಮೂಳೆಯ ಗಾಯದಲ್ಲಿ ಅದನ್ನು ಗುರುತಿಸಿದರು. ಅದೇ ಕಾಲಕ್ಕೆ ಇಟಲಿಯ ಸಾನ್‌ಫೆಲಿಚೆ ಅದನ್ನು ಪೀಚ್ ಹಣ್ಣಿನ ರಸದಲ್ಲಿ ಕಂಡರು. ಪಾರಿವಾಳದ ಹಿಕ್ಕೆ, ಮಣ್ಣು, ಪೊಟರೆ ಬಿದ್ದ ಮರ, ಇವೇ ಅದರ ಮನೆ. ಗಾಳಿಯ ಜೊತೆ ಎಲ್ಲರ ಶ್ವಾಸಕೋಶಕ್ಕೂ ಹೋಗಬಲ್ಲದು. ಗಟ್ಟಿ ದೇಹ ಅದನ್ನು ಅಲ್ಲೇ ಅಡಗಿಸಿಬಿಡುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಎಚ್‌ಐವಿ ದೇಹದ ಕಾವಲು ಕಣಗಳನ್ನು ಕೊಲ್ಲುತ್ತದೆ. ಆ ಕಣಗಳ ಲೆಕ್ಕವೇ ಸಿಡಿ4. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 500ಕ್ಕಿಂತ ಮೇಲೆ ಇರುತ್ತದೆ. 200ರ ಕೆಳಗಿಳಿದರೆ ಅಪಾಯ, 100ರ ಕೆಳಗಾದರೆ ಬಾಗಿಲೇ ತೆರೆದಂತೆ. ಆಗ ಶಿಲೀಂಧ್ರ ರಕ್ತಕ್ಕೆ ಇಳಿದು ಮಿದುಳಿನ ಪೊರೆಗೆ ಹತ್ತುತ್ತದೆ.

ಅಲ್ಲಿ ತಲೆನೋವು ಯಾಕೆ ಬರುತ್ತದೆ ಎಂಬುದನ್ನು ಕುಣಿಗಲ್ ಕೆರೆ ನೋಡಿದವರಿಗೆ ಸುಲಭವಾಗಿ ಹೇಳಬಹುದು. ನಮ್ಮ ಮಿದುಳು, ಬೆನ್ನುಹುರಿಯ ಸುತ್ತ ತಿಳಿನೀರಿನಂಥ ದ್ರವ ಇರುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ಹೊರಗೆ ಹರಿದು ರಕ್ತಕ್ಕೆ ಸೇರುತ್ತದೆ. ಶಿಲೀಂಧ್ರದ ಕಣಗಳಿಗೆ ಲೋಳೆಯಂಥ ದಪ್ಪ ಹೊದಿಕೆ ಇದೆ. ಅವು ಹೋಗಿ ಆ ನೀರು ಹರಿಯುವ ಕಂಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ಒಳಹರಿವು ನಿಲ್ಲುವುದಿಲ್ಲ, ತೂಬು ಮಾತ್ರ ಕಟ್ಟಿಕೊಂಡಿತು. ನೀರಿನ ಭಾರ ಏರಿಯ ಮೇಲೆ ಬೀಳುವ ಹಾಗೆ ಒತ್ತಡ ಮಿದುಳಿನ ಮೇಲೆ, ಕಣ್ಣಿನ ನರದ ಮೇಲೆ ಬೀಳುತ್ತದೆ. ತಲೆನೋವು ದಿನದಿಂದ ದಿನಕ್ಕೆ ಏರುತ್ತದೆ. ವಾಂತಿ, ಎರಡೆರಡು ಕಾಣುವುದು, ಕಿವಿ ಮಂದವಾಗುವುದು, ಮಂಪರು ಆಮೇಲೆ ಬರುತ್ತವೆ. ಆ ಅಕ್ಕನ ಯಜಮಾನರಿಗೆ ಕಂಡ ಎರಡು ಬಸ್ಸುಗಳು ಇದೇ.

ಮೋಸ ಮಾಡುವುದು ಇನ್ನೊಂದಿದೆ. ಮಿದುಳು ಜ್ವರ ಎಂದರೆ ಕುತ್ತಿಗೆ ಬಿಗಿಯಬೇಕು, ಜೋರು ಜ್ವರ ಬರಬೇಕು ಎಂದು ಎಲ್ಲರೂ ಕೇಳಿರುತ್ತೇವೆ. ಅವೆರಡೂ ದೇಹ ತಿರುಗಿ ಹೋರಾಡುವುದರ ಗುರುತು. ಹೋರಾಡುವ ಶಕ್ತಿಯೇ ಉಳಿಯದ ದೇಹದಲ್ಲಿ ಕುತ್ತಿಗೆ ಬಿಗಿಯದೇ ಇರಬಹುದು, ಜ್ವರ ಮೈಬೆಚ್ಚಗಿನ ಮಟ್ಟದಲ್ಲೇ ಇರಬಹುದು. ಉಳಿಯುವುದು ತಲೆನೋವು ಮಾತ್ರ. ಅದಕ್ಕೇ ಅದು ಬಾಮು, ಮಾತ್ರೆ, ಕನ್ನಡಕದ ದಾರಿ ಹಿಡಿಯುತ್ತದೆ.

ಪತ್ತೆಗೆ ದಶಕಗಳ ಕಾಲ ಇದ್ದದ್ದು ಬೆನ್ನಿನ ನೀರು ಮತ್ತು ಒಂದು ಹನಿ ಮಸಿ. ಆ ಮಸಿಗೆ ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇಂಡಿಯಾ ಇಂಕ್ ಎಂದೇ ಹೆಸರು. ದೀಪದ ಕಾಡಿಗೆಯಂಥ ಇಂಗಾಲದ ಕಪ್ಪು ಮಸಿ. ಗಾಜಿನ ಪಟ್ಟಿಯ ಮೇಲೆ ಬೆನ್ನಿನ ನೀರಿನ ಜೊತೆ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಿನ್ನೆಲೆಯೆಲ್ಲ ಕಪ್ಪು, ಮಸಿ ಒಳಗೆ ಹೋಗಲಾಗದ ಲೋಳೆಯ ಹೊದಿಕೆ ಮಾತ್ರ ಬಿಳಿ. ಮೋಡದ ರಾತ್ರಿಯ ಚಂದ್ರನ ಸುತ್ತ ಬೆಳಕಿನ ಬಳೆ ಕಾಣುವ ಹಾಗೆ. ಖರ್ಚು ಹೆಚ್ಚಿಲ್ಲದ, ವಿದ್ಯುತ್ ಯಂತ್ರ ಬೇಡದ ಪರೀಕ್ಷೆ. ಕಷ್ಟವಿದ್ದದ್ದು ಬೆನ್ನಿನ ನೀರು ತೆಗೆಯುವವರೆಗೆ ಬರುವುದರಲ್ಲಿ.

ಬೆನ್ನಿನ ನೀರಿನ ಭಯ

ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ, ಗಂಡಸುತನ ಹೋಗುತ್ತದೆ, ಜೀವವೇ ಹೋಗುತ್ತದೆ ಎನ್ನುವ ಮಾತು ನಮ್ಮ ಮೂರೂ ತಾಲ್ಲೂಕಿನಲ್ಲಿ ಕೇಳಿದ್ದೇವೆ. ಬೇರೆ ಊರಿನಿಂದ ಬಂದ ಮಾತಲ್ಲ, ನಮ್ಮ ಮನೆಗಳಲ್ಲೇ ಹೇಳುವ ಮಾತು. "ಅವರ ಮಾವನಿಗೂ ತೆಗೆದ್ರು, ಮೂರೇ ದಿನಕ್ಕೆ ಹೋದ್ರು" ಎನ್ನುತ್ತಾರೆ. ತೀರಾ ಕೊನೆಗೆ ಆಸ್ಪತ್ರೆ ಸೇರಿದವರಿಗೆ ಕೊನೆಗೆ ಮಾಡಿದ ಪರೀಕ್ಷೆ ಅದು. ಸತ್ತದ್ದು ಕಾಯಿಲೆಯಿಂದ, ಹೆಸರು ಬಂದದ್ದು ಸೂಜಿಗೆ.

ಚರಿತ್ರೆ ಹೇಳುವುದೇ ಬೇರೆ. 1891ರಲ್ಲಿ ಜರ್ಮನಿಯ ಹೈನ್ರಿಚ್ ಕ್ವಿಂಕೆ ಈ ವಿಧಾನ ಶುರುಮಾಡಿದ್ದೇ ತಲೆಯೊಳಗಿನ ಒತ್ತಡ ಇಳಿಸಲು. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲಿನ ಸೊಂಟದ ಭಾಗಕ್ಕೆ. ಕ್ರಿಪ್ಟೋಕಾಕಸ್ ಇರುವವರಲ್ಲಿ ಇದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಒತ್ತಡ ಹೆಚ್ಚಿದ್ದರೆ ವೈದ್ಯರು ಬೇಕಾದಷ್ಟು ನೀರನ್ನು ಹೊರಗೆ ಬಿಡುತ್ತಾರೆ, ಮತ್ತೆ ಏರಿದರೆ ಮರುದಿನ ಮತ್ತೆ ತೆಗೆಯುತ್ತಾರೆ. ತೂಬು ಎತ್ತಿದಂತೆ. ಎಷ್ಟೋ ದಿನ ಮಾತ್ರೆಗೆ ಬಗ್ಗದ ತಲೆನೋವು ಅರ್ಧ ಗಂಟೆಯಲ್ಲಿ ಇಳಿಯುವುದುಂಟು. ಸಹಿ ಹಾಕಲು ಹೆದರಿ ರೋಗಿಯನ್ನು ಮನೆಗೆ ಕರೆದುಕೊಂಡು ಹೋದವರ ಕಥೆ ಕೇಳಿದಾಗಲೆಲ್ಲ, ಈ ಒಂದು ಮಾತನ್ನು ಯಾವ ಪತ್ರಿಕೆಯೂ, ನಾವೂ ಸರಿಯಾಗಿ ಬರೆಯಲಿಲ್ಲವಲ್ಲ ಅನ್ನಿಸುತ್ತದೆ.

ಔಷಧಿ ಬಂದ ದಾರಿ

ಔಷಧಿ ಇರಲಿಲ್ಲವೇ? ಇತ್ತು. ಆಂಫೋಟೆರಿಸಿನ್ ಸಿಕ್ಕಿದ್ದು 1950ರ ದಶಕದಲ್ಲಿ, ದಕ್ಷಿಣ ಅಮೆರಿಕದ ವೆನೆಜುವೆಲಾದ ಒರಿನೊಕೊ ನದಿ ದಂಡೆಯ ಮಣ್ಣಿನ ಸೂಕ್ಷ್ಮಜೀವಿಯಿಂದ. ಶಿಲೀಂಧ್ರವನ್ನು ಕೊಲ್ಲುತ್ತದೆ, ಮೂತ್ರಪಿಂಡವನ್ನೂ ದಣಿಸುತ್ತದೆ. ಚಳಿ, ನಡುಕ, ರಕ್ತದಲ್ಲಿ ಪೊಟ್ಯಾಷಿಯಂ ಇಳಿಕೆ, ಹೀಗೆ ರೋಗಿಯನ್ನು ಹಿಂಡುವುದಕ್ಕೆ ವೈದ್ಯರೇ ಅದನ್ನು ಆಂಫೋ-ಟೆರಿಬಲ್ ಎಂದು ಕರೆದುಕೊಂಡರು. ದಿನಾ ಗಂಟೆಗಟ್ಟಲೆ ಡ್ರಿಪ್, ದಿನಾ ರಕ್ತಪರೀಕ್ಷೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೊಡುವ ಮದ್ದಲ್ಲ.

ಈ ಹೆಸರು ಓದುಗರಿಗೆ ಎಲ್ಲೋ ಕೇಳಿದಂತಿದ್ದರೆ ಅದು 2021ರ ಮೇ, ಜೂನ್ ತಿಂಗಳ ನೆನಪು. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂದಾಗ ರಾಜ್ಯವೆಲ್ಲ ಹುಡುಕಿದ್ದು ಇದೇ ಔಷಧಿಯ ಸುಧಾರಿತ ರೂಪವಾದ ಲೈಪೊಸೋಮಲ್ ಆಂಫೋಟೆರಿಸಿನ್ ಬಾಟಲಿಗಾಗಿ. ಅವತ್ತು ಎಲ್ಲರ ಬಾಯಲ್ಲಿದ್ದ ಮದ್ದಿಗಾಗಿ ಎಚ್‌ಐವಿ ಇರುವವರು ಮೂವತ್ತು ವರ್ಷದಿಂದ ಸದ್ದಿಲ್ಲದೆ ಕಾಯುತ್ತಿದ್ದರು.

ಇನ್ನೊಂದು ಮದ್ದು ಫ್ಲುಕೊನಜೋಲ್, ಮಾತ್ರೆಯಾಗಿ ನುಂಗಬಹುದಾದದ್ದು. ಫೈಜರ್ ಕಂಪನಿಯ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಹುಟ್ಟಿ 1990ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಪೇಟೆಂಟ್ ಇದ್ದ ದೇಶಗಳಲ್ಲಿ ಬಡವರ ಕೈಗೆಟುಕುವಂತಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 2000ದಲ್ಲಿ ಝ್ಯಾಕಿ ಅಖ್ಮತ್ ಎನ್ನುವ ಸೋಂಕಿತ ಹೋರಾಟಗಾರ ಥಾಯ್ಲೆಂಡಿನಿಂದ ಅದರ ಅಗ್ಗದ ರೂಪವನ್ನು ತಂದು, ಬೇಕಾದರೆ ನನ್ನನ್ನು ಬಂಧಿಸಿ ಎಂದು ಸರ್ಕಾರಕ್ಕೆ ಸವಾಲು ಹಾಕಿದರು. ನಮ್ಮಲ್ಲಿ 1970ರ ಪೇಟೆಂಟ್ ಕಾಯ್ದೆ ಔಷಧಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಹಾಗಾಗಿ ದೇಶದ ಕಂಪನಿಗಳು ಇದನ್ನು ಅಗ್ಗವಾಗಿ ಮಾಡಿದವು. ಜಗತ್ತಿನ ಒಂದು ಭಾಗದಲ್ಲಿ ಜೈಲಿಗೆ ಹೋಗಲು ಸಿದ್ಧರಾಗಿ ತಂದ ಮಾತ್ರೆ ನಮ್ಮ ಗುಬ್ಬಿಯ ಮೆಡಿಕಲ್ ಸ್ಟೋರಿನಲ್ಲೂ ಇತ್ತು. ಅದನ್ನು ಕೇಳಬೇಕೆಂದು ಹೇಳುವವರಿರಲಿಲ್ಲ.

ಎಚ್‌ಐವಿಯನ್ನೇ ಹಿಡಿದಿಡುವ ಎಆರ್‌ಟಿ ಮಾತ್ರೆಗಳು ಉಚಿತವಾಗಿ ಸಿಗತೊಡಗಿದ್ದು 2004ರ ಏಪ್ರಿಲ್ 1ರಿಂದ. ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲಾಯಿತು. ಕರ್ನಾಟಕಕ್ಕೆ ಸಿಕ್ಕಿದ್ದು ಒಂದು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಆಮೇಲೆ ಜಿಲ್ಲೆಗಳಿಗೂ ಬಂತು, ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೂ ಕೇಂದ್ರ ತೆರೆಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಾದವು.

ಆದರೆ ಶುರುವಿನ ನಿಯಮ ನೋಡಿ. ಬೇರೆ ಗಂಭೀರ ಲಕ್ಷಣ ಇಲ್ಲದಿದ್ದರೆ ಸಿಡಿ4 ಎಣಿಕೆ 200ರ ಕೆಳಗಿಳಿದ ಮೇಲೆಯೇ ಮಾತ್ರೆ. ಅಂದರೆ ಶಿಲೀಂಧ್ರಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಚಿಕಿತ್ಸೆ ಶುರು. ದುಡ್ಡು, ಮಾತ್ರೆ ಎರಡೂ ಕಡಿಮೆ ಇದ್ದ ಕಾಲದ ಲೆಕ್ಕ ಅದು. ಆ ಮಿತಿ ಹಂತ ಹಂತವಾಗಿ ಮೇಲೇರಿ, 2017ರಲ್ಲಿ ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಮಾತ್ರೆ ಎಂದಾಯಿತು. ಬೇಗ ಪರೀಕ್ಷೆ ಮಾಡಿಸಿಕೊಂಡು ತಪ್ಪದೆ ಮಾತ್ರೆ ನುಂಗುವವರಿಗೆ ಈ ತಲೆನೋವು ಬರುವುದೇ ಅಪರೂಪ ಎನ್ನುವ ಕಾಲ ಬಂತು.

ಈಗಲೂ ಯಾರು ಸಾಯುತ್ತಾರೆ?

ಹಾಗಾದರೆ ಕಥೆ ಮುಗಿಯಿತೇ? ಇಲ್ಲ. 2022ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 1,12,000 ಜನ ಎಚ್‌ಐವಿ ಸೋಂಕಿತರು ಕ್ರಿಪ್ಟೋಕಾಕಸ್ ಮಿದುಳು ಜ್ವರದಿಂದ ಸತ್ತರು. ಏಡ್ಸ್ ಸಂಬಂಧಿ ಸಾವುಗಳಲ್ಲಿ ನೂರಕ್ಕೆ 19. ಇದಕ್ಕೆ ಸಿಗುವವರು ಮುಖ್ಯವಾಗಿ ಇಬ್ಬರು: ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ತಡವಾಗಿ ಬಂದವರು, ಮತ್ತು ಮಾತ್ರೆ ಶುರುಮಾಡಿ ನಡುವೆ ಬಿಟ್ಟವರು. ಎರಡಕ್ಕೂ ಕಾರಣ ಕೇಳಿದರೆ ಬರುವ ಉತ್ತರ ಒಂದೇ: ಯಾರಿಗಾದರೂ ಗೊತ್ತಾಗಿಬಿಟ್ಟರೆ?

ವಿಜ್ಞಾನ ತನ್ನ ಕೆಲಸ ಮಾಡಿದೆ. 2011ರಲ್ಲಿ ಬಂದ ಒಂದು ಸಣ್ಣ ಪಟ್ಟಿ, ಗರ್ಭ ಪರೀಕ್ಷೆಯ ಪಟ್ಟಿಯ ಥರದ್ದು, ರಕ್ತದಲ್ಲೇ ಹತ್ತು ಹದಿನೈದು ನಿಮಿಷದಲ್ಲಿ ಈ ಶಿಲೀಂಧ್ರದ ಗುರುತು ಹಿಡಿಯುತ್ತದೆ. ತಲೆನೋವು ಶುರುವಾಗುವ ವಾರಗಳ ಮುಂಚೆಯೇ ಹಿಡಿಯಬಲ್ಲದು. ಆಗ ಫ್ಲುಕೊನಜೋಲ್ ಮಾತ್ರೆಯಿಂದಲೇ ಬಹಳ ಜನರನ್ನು ಉಳಿಸಬಹುದು. ಸಿಡಿ4 ತೀರಾ ಇಳಿದವರಿಗೆ ಈ ಪರೀಕ್ಷೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ನ್ಯಾಕೋದ 2021ರ ಮಾರ್ಗಸೂಚಿಯಲ್ಲೂ ಸೇರಿದೆ. ಆಫ್ರಿಕಾದ ಐದು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಲೈಪೊಸೋಮಲ್ ಆಂಫೋಟೆರಿಸಿನ್ ಅನ್ನು ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಜೊತೆಗೆ ಎರಡು ಬಗೆಯ ಮಾತ್ರೆ ಕೊಟ್ಟರೆ, ದಿನಗಟ್ಟಲೆ ಡ್ರಿಪ್ ಹಾಕಿದಷ್ಟೇ ಫಲ ಸಿಗುತ್ತದೆ, ತೊಂದರೆ ಕಡಿಮೆ ಎಂದು ತೋರಿಸಿತು.

ಇಲ್ಲೇ ಒಂದು ಮುಖ್ಯ ಮಾತು. ಸೋಂಕು ಗೊತ್ತಾದ ಕೂಡಲೇ ಎಆರ್‌ಟಿ ಶುರು ಎನ್ನುವುದು ಈಗಿನ ನಿಯಮವಾದರೂ, ಈ ತಲೆನೋವು ಇರುವವರಲ್ಲಿ ಹಾಗೆ ಮಾಡುವಂತಿಲ್ಲ. 2014ರ ಒಂದು ಅಧ್ಯಯನದಲ್ಲಿ, ಶಿಲೀಂಧ್ರದ ಚಿಕಿತ್ಸೆ ಶುರುವಾಗಿ ಒಂದೆರಡು ವಾರದಲ್ಲೇ ಎಆರ್‌ಟಿ ಆರಂಭಿಸಿದವರಲ್ಲಿ, ಐದು ವಾರ ಕಾದವರಿಗಿಂತ ಹೆಚ್ಚು ಸಾವು ಕಂಡಿತು. ಚೇತರಿಸಿಕೊಳ್ಳುವ ದೇಹ ಒಮ್ಮೆಲೇ ಕಾದಾಟಕ್ಕಿಳಿದರೆ ಮಿದುಳು ಊದಿಕೊಳ್ಳುತ್ತದೆ. ಹಾಗಾಗಿ ಮೊದಲು ಶಿಲೀಂಧ್ರಕ್ಕೆ ಮದ್ದು, ನಾಲ್ಕರಿಂದ ಆರು ವಾರದ ಮೇಲೆ ಎಆರ್‌ಟಿ. ಎಂದರೆ ತಲೆನೋವಿದೆ ಎಂಬ ಒಂದು ಮಾತನ್ನು ರೋಗಿ ಮುಚ್ಚಿಟ್ಟರೆ, ಅಥವಾ ಕೌಂಟರಿನಲ್ಲಿ ಯಾರೂ ಕೇಳದಿದ್ದರೆ, ಒಳ್ಳೆಯ ಮಾತ್ರೆಯೇ ಕೇಡು ತರಬಹುದು.

ಹಾಗಂತ ಎಚ್‌ಐವಿ ಇರುವವರ ತಲೆನೋವೆಲ್ಲ ಇದೇ ಅಲ್ಲ. ಕುಣಿಗಲ್ ಕಡೆಯ ಒಬ್ಬ ಅಣ್ಣನ ವಿಷಯ ಹೇಳಬೇಕು. ಹಲವು ವರ್ಷದಿಂದ ಮಾತ್ರೆ ತಪ್ಪಿಸದವರು. 2023ರಲ್ಲಿ ತಲೆನೋವು ಬಂದು ವಾರವಾದರೂ ಹೋಗಲಿಲ್ಲ. ಯಾವುದೋ ವಾಟ್ಸ್‌ಆ್ಯಪ್ ಸಂದೇಶ ಓದಿ ತಲೆಯಲ್ಲಿ ಬೂಷ್ಟು ಬೆಳೆದಿದೆ ಎಂದೇ ನಂಬಿ ಊಟ ಬಿಟ್ಟಿದ್ದರು. ಧೈರ್ಯ ಮಾಡಿ ಹೋಗಿ ವೈದ್ಯರ ಮುಂದೆ ಎಲ್ಲವನ್ನೂ ಹೇಳಿದರು. ಪರೀಕ್ಷೆಗಳೆಲ್ಲ ಸರಿಯಿದ್ದವು. ಸಿಡಿ4 ಚೆನ್ನಾಗಿತ್ತು. ಬಿ.ಪಿ. ಏರಿತ್ತು. "ಬಿ.ಪಿ. ಅಂದ ತಕ್ಷಣ ನಂಗೆ ಕುಣಿಯಂಗಾಯ್ತು ನೋಡ್ರಿ" ಎಂದು ನಕ್ಕರು.

ಅರೆತಲೆನೋವು, ಸೈನಸ್, ಕಣ್ಣಿನ ದೋಷ, ನಿದ್ದೆಗೇಡು, ಚಿಂತೆ, ಬಿ.ಪಿ. ಎಲ್ಲರಿಗೂ ಬರುವ ಹಾಗೆ ಸೋಂಕಿತರಿಗೂ ಬರುತ್ತವೆ. ಮೊದಲ ತಲೆಮಾರಿನ ಜಿಡೊವುಡಿನ್ ಮಾತ್ರೆ ಶುರುಮಾಡಿದವರಿಗೆ ಕೆಲ ವಾರ ತಲೆನೋವು ಸಾಮಾನ್ಯವಾಗಿತ್ತು. ಎಫಾವಿರೆಂಜ್ ತಲೆಸುತ್ತು, ಕೆಟ್ಟ ಕನಸು ತರುತ್ತಿತ್ತು. ಈಗ ಕೊಡುವ ಡೊಲುಟೆಗ್ರಾವಿರ್‌ನಿಂದಲೂ ಕೆಲವರಿಗೆ ತಲೆನೋವು, ನಿದ್ದೆ ಬಾರದಿರುವುದು ಉಂಟು. ಇದಕ್ಕೆ ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಕೇಂದ್ರದಲ್ಲಿ ಹೇಳಬೇಕು. ಯಾವುದು ಯಾವ ತಲೆನೋವು ಎಂದು ವಿಂಗಡಿಸಲು ವೈದ್ಯರಿಗೆ ಬೇಕಾದ ಮೊದಲ ಎರಡು ಮಾಹಿತಿ ರೋಗಿಯ ಬಾಯಲ್ಲೇ ಇವೆ: ಎಷ್ಟು ದಿನದಿಂದ, ಮತ್ತು ಎಚ್‌ಐವಿ ಇದೆಯೇ. ಗುಬ್ಬಿಯ ಆ ಮನೆಯಲ್ಲಿ ಮೊದಲನೆಯದನ್ನು ಯಾರೂ ಕೇಳಲಿಲ್ಲ, ಎರಡನೆಯದನ್ನು ಹೇಳಲು ಆಗಲಿಲ್ಲ.

ನಮ್ಮ ಪಾಲು

ಹೇಳಲು ಯಾಕೆ ಆಗಲಿಲ್ಲ ಎನ್ನುವ ಪ್ರಶ್ನೆ ನಮ್ಮ ಕಸುಬಿನ ಬಾಗಿಲಿಗೂ ಬರುತ್ತದೆ. ಮಹಾಮಾರಿ, ಹೆಮ್ಮಾರಿ, ಮಾರಕ ಏಡ್ಸ್ ಎಂಬ ತಲೆಬರಹಗಳನ್ನು ಓದಿಕೊಂಡೇ ನಾವು ಬೆಳೆದವರು. ನಡತೆಗೆಟ್ಟವರಿಗೆ ಬರುವ ರೋಗ ಎಂಬಂತೆ ಬರೆದ ಸಾಲುಗಳು ಎಷ್ಟೋ. ಸ್ಟ್ರಿಂಗರ್ ಆದ ಹೊಸತರಲ್ಲಿ ನಾವೂ ಒಂದು ಸುದ್ದಿಯಲ್ಲಿ, ಹೆಸರು ಹಾಕದಿದ್ದರೂ, ಊರು, ಬೀದಿ, ಕಸುಬು ಎಲ್ಲ ಬರೆದುಬಿಟ್ಟಿದ್ದೆವು. ಆ ಊರಿನಲ್ಲಿ ಆ ಕಸುಬಿನವರು ಇದ್ದದ್ದು ಒಂದೇ ಮನೆ. ಆಮೇಲೆ ಆ ಮನೆಯವರು ಊರು ಬಿಟ್ಟರು ಎಂದು ಗೊತ್ತಾಯಿತು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಆ ತಿಂಗಳ ಲೆಕ್ಕದಲ್ಲಿ ಆ ಸುದ್ದಿಯ ದುಡ್ಡೂ ಬಂತು.

ಇವತ್ತು ಕಾನೂನಿದೆ. ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಆಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಬಹಿರಂಗ ಮಾಡುವಂತಿಲ್ಲ, ಕೆಲಸ, ಶಾಲೆ, ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಪತ್ರಿಕೆಯವರಿಗೂ ಇದು ಅನ್ವಯ. ಕಾನೂನಿನಿಂದ ಅಕ್ಕಿ ಡಬ್ಬದ ಪುಸ್ತಕ ಮೇಜಿನ ಮೇಲೆ ಬರುವುದಿಲ್ಲ, ಅದು ನಿಜ. ಆದರೆ ವೈದ್ಯರ ಕೋಣೆಯಲ್ಲಿ ಹೇಳಿದ ಮಾತು ಅಲ್ಲೇ ಉಳಿಯಬೇಕು ಎಂದು ಕೇಳುವ ಹಕ್ಕು ಬಂದಿದೆ.

ಅಕ್ಕ ಬರೆಯಲು ಹೇಳಿದ್ದನ್ನು ಕೊನೆಗೆ ಬರೆಯುತ್ತೇವೆ. ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ತಲೆನೋವು ದಿನದಿಂದ ದಿನಕ್ಕೆ ಏರುತ್ತಾ ವಾರ ದಾಟಿದರೆ, ಜೊತೆಗೆ ವಾಂತಿ, ಜ್ವರ, ಎರಡೆರಡು ಕಾಣುವುದು, ಮಂಪರು, ಮಾತಿನಲ್ಲಿ ಗೊಂದಲ, ಫಿಟ್ಸ್ ಇದ್ದರೆ ಬಾಮು ಹಚ್ಚಿಕೊಂಡು ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸೋಂಕು ಇರುವುದು ಗೊತ್ತಿದ್ದರೆ ಮೊದಲ ಮಾತಿಗೇ ಹೇಳಿ. ಗೊತ್ತಿಲ್ಲದಿದ್ದರೆ ಪರೀಕ್ಷೆ ಮಾಡಿ ಎಂದು ಕೇಳಿ, ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರದಲ್ಲಿ ಅದು ಉಚಿತ. ಬೆನ್ನಿನ ನೀರು ತೆಗೆಯಬೇಕು ಎಂದರೆ ಒಪ್ಪಿಕೊಳ್ಳಿ. ಮಾತ್ರೆ ನಡುವೆ ಬಿಟ್ಟವರಿದ್ದರೆ, ಬೈಯುತ್ತಾರೆಂದು ಹೆದರದೆ ಎಆರ್‌ಟಿ ಕೇಂದ್ರಕ್ಕೆ ವಾಪಸು ಹೋಗಿ. ಯಾರ ಮುಂದೆಯೂ ಹೇಳಲಾಗದಿದ್ದರೆ 1097 ಉಚಿತ ಸಹಾಯವಾಣಿ ಇದೆ, ಹೆಸರು ಹೇಳದೆಯೂ ಮಾತಾಡಬಹುದು.

ಇದನ್ನು ಬರೆದು ಮುಗಿಸಿ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆವು. ಅವರ ಊರು ಗುರುತು ಸಿಗುವಂಥ ಎರಡು ಸಾಲು ತೆಗೆಸಿದರು. ಕಾಯಿ ಸುಲಿಯುವ ಕೆಲಸ ಇರಲಿ, ಆ ಕೆಲಸದವರು ತಾಲ್ಲೂಕಿನಲ್ಲಿ ಸಾವಿರ ಜನ ಇದ್ದಾರೆ ಅಂದರು. ಆಮೇಲೆ, "ಫ್ರೀ ಬಸ್ ಆದ್ಮೇಲೆ ತುಮಕೂರಿಗೆ ಮಾತ್ರೆಗೆ ಹೋಗೋಕೆ ಚಾರ್ಜಿನ ಚಿಂತೆ ಇಲ್ಲ ಕಣಪ್ಪ, ಅದನ್ನೂ ಬರ್ಕೋ" ಎಂದು ಹೇಳಿ, ಹಾಲು ಹಾಕುವ ಹೊತ್ತಾಯಿತೆಂದು ಫೋನಿಟ್ಟರು.